ಕನ್ನಡ ಕಳಿಸಿ

ರಘೋತ್ತಮನಿಗೆ ಹೇಗಾದರೂ ಮಾಡಿ ಹುಬ್ಬಳ್ಳಿ ಕಡೆ ವರ್ಗ ಬೇಕಾಗಿತ್ತು. ನಾಶಿಕದ ಬೆಳೆ ಸಮೀಕ್ಷೆ ಕಂಪನಿಯೊಂದರಲ್ಲಿ ಕೂತು, ಉಪಗ್ರಹ ಕಳಿಸುವ ಚಿತ್ರ ನೋಡಿ ಯಾವ ಹೊಲದಲ್ಲಿ ಪೈರು ಎಷ್ಟು ಎದ್ದಿದೆ ಎಂದು ಹೇಳುವುದು ಅವನ ಕೆಲಸ. "ಆಕಾಶದಾಗ ನಿಂತು ಮಂದಿ ಹೊಲ ನೋಡ್ತೀರಿ, ನಮ್ಮೂರ ದಾರಿ ಒಂದ ಕಾಣಂಗಿಲ್ಲ ನಿಮಗ," ಎಂದು ಹೆಂಡತಿ ನಿರುಪಮಾ ದಿನಾ ಚುಚ್ಚುತ್ತಿದ್ದಳು. ಪಾಪ, ಅವಳಿಗೂ ಮರಾಠಿಯಲ್ಲಿ ಚೌಕಾಸಿ ಮಾಡಿ ಮಾಡಿ ಸಾಕಾಗಿತ್ತು.

ಹೀಗಿರುವಾಗ ಸಂಭಾಜಿನಗರದ ಮೇಲಧಿಕಾರಿ ಮಂಗಲಾ ಮೇಡಂ ಮರಾಠಿಯಲ್ಲೊಂದು ಸಂದೇಶ ಕಳಿಸಿದರು. ಯೇವಲಾ ವರದಿ ಸಿಕ್ಕಿತು, ನಾಳೆಯ ಸಭೆಗೆ ಕನ್ನಡ ಕಳಿಸಿ, ಅಂತ. ರಘೋತ್ತಮ ಅದನ್ನು ಎರಡೆರಡು ಸಲ ಓದಿದ. ಇವರಿಗೆ ಕನ್ನಡ ಯಾಕೆ ಬೇಕು? ಹುಬ್ಬಳ್ಳಿಯಲ್ಲಿ ಆಫೀಸು ತೆಗೆಯುತ್ತಾರೆ, ಅದಕ್ಕೇ ಎಂದುಕೊಂಡ.

ಮದುವೆ ಪತ್ರಿಕೆ ಬಿಟ್ಟರೆ ಕನ್ನಡದಲ್ಲಿ ಏನನ್ನೂ ಬರೆಯದ ಈ ಮಹಾಶಯ ಯೇವಲಾ ವರದಿಯನ್ನೇ ಕನ್ನಡಕ್ಕೆ ಇಳಿಸತೊಡಗಿದ. ಮರಾಠಿಯ ಮಕಾ ಗೋವಿನಜೋಳವಾಯಿತು. ಕ್ಯಾಮೆರಾ ಚಿತ್ರದ ತುಂಬ ಬರೀ ಮೋಡ. "ಭೂತಾಯಿ ಕೌದಿ ಹೊದ್ದು ಮಲಗಿದ್ದಾಳೆ" ಎಂದು ಬರೆದ. ರಾಡಾರ್ ಕಿರಣ ಮೋಡವನ್ನು ತೂರಿ ಬೆಳೆ ಮುಟ್ಟಿ ಬರುತ್ತದಲ್ಲ, ಅದು "ಕೌದಿ ಸರಿಸದೆಯೇ ಕ್ಷೇಮ ಕೇಳಿ ಬರುವ ಸಂಭಾವಿತ ಅಳಿಯ" ಆಯಿತು. ಸಾಲದ್ದಕ್ಕೆ ಕೊನೆಗೆ "ಸಿರಿಗನ್ನಡಂ ಗೆಲ್ಗೆ" ಅಂತಲೂ ಹಾಕಿದ.

ಮರುದಿನ ಅವನೂ ಹೋಗಿ ಕೂತ ಸಂಭಾಜಿನಗರದ ಸಭೆಯಲ್ಲಿ, ಪರದೆ ಮೇಲೆ ಮೂಡಿದ ದುಂಡು ಅಕ್ಷರ ನೋಡಿ ಎಲ್ಲರೂ ಬಾಯಿ ಬಿಟ್ಟರು.

"ಹೇ ಕಾಯ್ ಆಹೆ?" ಏನಿದು ಎಂದು ಮೇಡಂ ಕೇಳಿದರು.

"ಕನ್ನಡ, ಮ್ಯಾಡಮ್. ನೀವೇ ಕೇಳಿದ್ದಲ್ಲ," ಎಂದು ರಘೋತ್ತಮ ಮರಾಠಿಯಲ್ಲಿ ಬೀಗಿದ.

ಮೇಡಂ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. ಯೇವಲಾ ಒಂದು ತಾಲೂಕಾದ ಹಾಗೆ ಸಂಭಾಜಿನಗರ ಜಿಲ್ಲೆಯಲ್ಲಿ ಕನ್ನಡ ಅಂತಲೂ ಒಂದು ತಾಲೂಕಿದೆ; ಮೇಡಂ ಕೇಳಿದ್ದು ಅದರ ವರದಿ. ಅಲ್ಲಿಯ ಗೋವಿನಜೋಳ ಮೊನ್ನೆಯ ಗಾಳಿಮಳೆಗೆ ನೆಲಕಚ್ಚಿತೋ ಇಲ್ಲವೋ ಎಂದು ತಿಳಿಯಲು ಅವರೆಲ್ಲ ಸೇರಿದ್ದರು. ಅಯ್ಯೋ ದೇವರೇ, ಭೂಮಿ ಬಾಯಿಬಿಟ್ಟು ನುಂಗಬಾರದೆ ಅನಿಸಿತು ರಘೋತ್ತಮನಿಗೆ.

ಬೆವರು ಒರೆಸಿಕೊಳ್ಳುತ್ತ ಅಲ್ಲೇ ಲ್ಯಾಪ್‌ಟಾಪಿನಲ್ಲಿ ಕನ್ನಡ ತಾಲೂಕಿನ ರಾಡಾರ್ ಚಿತ್ರ ತೆರೆದು, ಹಿಂದಿನದಕ್ಕೆ ಹೋಲಿಸಿ, ಬೆಳೆ ನಿಂತೇ ಇದೆ ಎಂದು ತೋರಿಸಿದ. ಎಲ್ಲರಿಗೂ ನಿರಾಳವಾಯಿತು. ಆಮೇಲೆ ಅಳಿಯನ ಅರ್ಥ ಹೇಳಿಸಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕ ಮೇಡಂ, ಕಣ್ಣೊರೆಸಿಕೊಂಡು, "ಕನ್ನಡದ ಮೇಲೆ ಇಷ್ಟು ಪ್ರೀತಿ ಇದ್ದರೆ ಆ ತಾಲೂಕಿನಲ್ಲಿ ತೆಗೆಯುತ್ತಿರುವ ಹೊಸ ಆಫೀಸಿಗೆ ನೀವೇ ಹೋಗಿ," ಎಂದು ಆರ್ಡರು ಮಾಡಿಯೇಬಿಟ್ಟರು.

ಹೊರಗೆ ಬಂದು ಮನೆಗೆ ಫೋನು ಮಾಡಿದ.

"ವರ್ಗ ಆತು," ಅಂದ.

"ಖರೇನರೀ? ಎಲ್ಲಿಗೆ?"

ರಘೋತ್ತಮನಿಗೆ ಸುಳ್ಳು ಹೇಳಿ ಗೊತ್ತಿಲ್ಲ. "ಕನ್ನಡಕ್ಕ," ಅಂದ.

ಆ ಕಡೆ ನಿರುಪಮಾ ಕನ್ನಡನಾಡೇ ಎಂದುಕೊಂಡು ಖುಷಿಗೆ ಅತ್ತೇಬಿಟ್ಟಳು. ಫೋನು ಹಿಡಿದುಕೊಂಡೇ ಪಕ್ಕದ ಮನೆಗೆ ಓಡಿ, ಕನ್ನಡಕ್ಕೆ ವರ್ಗವಾಯಿತೆಂದು ಸಾವಿತ್ರಿಬಾಯಿಗೆ ಸುದ್ದಿ ಹೇಳಿದ್ದು ಇವನಿಗೆ ಕೇಳಿಸಿತು. ಸಾವಿತ್ರಿಬಾಯಿಗೂ ಖುಷಿಯೋ ಖುಷಿ.

"ಕನ್ನಡ? ಅಗಂ, ತೇ ತರ ಮಾಝಂ ಮಾಹೇರ," ಅಂದರು. ಅದು ಅವರ ತವರು ತಾಲೂಕಂತೆ, ಇಲ್ಲೇ ಹತ್ತಿರವಂತೆ, ಬಸ್ಸೂ ಇದೆಯಂತೆ.

ಫೋನಿನಲ್ಲಿ ಮನೆಯ ಬಾಗಿಲು ಧಡಾರನೆ ಮುಚ್ಚಿದ ಸದ್ದು ಕೇಳಿತು.

"ರೀ," ಎಂದಳು ನಿರುಪಮಾ, ತೀರಾ ಮೆತ್ತಗೆ. "ಮದಲ ಮನೀಗೆ ಬರ್ರಿ ನೀವು."