ಗಂಗುಲಮ್ಮ ತೋಡಿದ ಬಾವಿ

ದುಡಿದವರು ಒಬ್ಬರು, ಹೆಸರು ಹೊತ್ತವರು ಇನ್ನೊಬ್ಬರು. ನಿಮ್ಮೂರಿನಲ್ಲೂ ಇಂಥದ್ದು ಒಂದಾದರೂ ಇದ್ದೇ ಇರುತ್ತದೆ. ಶಿಡ್ಲಘಟ್ಟಕ್ಕೆ ಹತ್ತಿರದ ಒಂದು ಹಳ್ಳಿಯಲ್ಲಿ ಅದು ಶಾಲೆಯ ಬಾವಿ.

2006ನೇ ಇಸವಿ. ಆ ಶಾಲೆಗೆ ಐವತ್ತು ವರ್ಷ ತುಂಬಿತ್ತು. ಅದರ ನೆನಪಿಗೆ ಅಚ್ಚು ಹಾಕಿಸಿದ ಪುಸ್ತಕವನ್ನು ಮೊಮ್ಮಗಳು ಅಮೃತ ಮನೆಗೆ ತಂದಳು. ಮುನಿಶಾಮಮ್ಮ ಕನ್ನಡಕ ಏರಿಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದಳು. ಅರವತ್ತು ವರ್ಷದ ಹೆಂಗಸು. ಮೂವತ್ತು ವರ್ಷ ಫಿಲೇಚರ್‌ನಲ್ಲಿ ಬಿಸಿನೀರಿಗೆ ಕೈಯಿಟ್ಟು ರೇಷ್ಮೆ ಗೂಡಿನಿಂದ ನೂಲು ತೆಗೆದವಳು. ಬೆರಳ ತುದಿಯ ಗೆರೆಗಳೆಲ್ಲ ಬೆಂದು ಸವೆದಿದ್ದವು. ಅಕ್ಷರ ಕಲಿತದ್ದು ನಲವತ್ತೆಂಟು ದಾಟಿದ ಮೇಲೆ, ಸಾಕ್ಷರತಾ ತರಗತಿಯಲ್ಲಿ.

ಹನ್ನೆರಡನೇ ಪುಟದಲ್ಲಿ ಆ ಬೆರಳು ನಿಂತುಬಿಟ್ಟಿತು. 'ನಮ್ಮ ಶಾಲೆಯ ಬಾವಿಯು ಊರಿನ ದಾನಿಗಳ ಉದಾರ ಕೊಡುಗೆ' ಎಂದು ಅಚ್ಚಾಗಿತ್ತು.

"ದಾನಾನಾ?" ಮುನಿಶಾಮಮ್ಮನ ಮೈಯೆಲ್ಲ ಉರಿದುಹೋಯಿತು. "ನಮ್ಮಮ್ಮನ ಹೆಣ ಎತ್ತಿದ್ದು ಆ ಬಾವಿಯಿಂದ ಕಣೇ ಅಮೃತಮ್ಮ! ಯಾವನು ದಾನ ಕೊಟ್ಟೋನು?"

ನಡೆದದ್ದು ಹೀಗೆ. ನಲವತ್ತು ವರ್ಷದ ಹಿಂದೆ ಆ ಬಾವಿ ತೋಡಿದವರು ಊರಾಚೆಯ ದಲಿತ ಕಾಲೋನಿಯ ಹೆಂಗಸರು, ಗಂಡಸರು. ಮಣ್ಣು ಕುಸಿದಾಗ ಕೆಳಗಿದ್ದವಳು ಮುನಿಶಾಮಮ್ಮನ ತಾಯಿ ಗಂಗುಲಮ್ಮ. ಅವಳನ್ನು ಮಣ್ಣಿಗಿಟ್ಟ ಮೂರನೇ ವಾರ ನೀರು ಬಂತು. ಅವಳ ಜನದ ಮಕ್ಕಳು ಮಾತ್ರ ಬಾವಿಯ ಹತ್ತಿರ ಹೋಗುವಂತಿರಲಿಲ್ಲ. ಬೊಗಸೆ ಒಡ್ಡಬೇಕು, ಯಾರಾದರೂ ಮೇಲಿನಿಂದ ಸುರಿಯಬೇಕು.

ಮುನಿಶಾಮಮ್ಮ ಪುಸ್ತಕ ಹಿಡಿದು ನೇರವಾಗಿ ಶಾಲೆಯ ಐವತ್ತನೇ ವರ್ಷದ ಉತ್ಸವ ಸಮಿತಿಯ ಅಧ್ಯಕ್ಷ ರಮೇಶ್‌ಬಾಬುವಿನ ಮನೆಗೆ ಹೋದಳು. ಅಂಗಳದಲ್ಲೇ ನಿಂತು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅವನು ಕೆಟ್ಟವನಲ್ಲ, ಮೆತ್ತನೆಯ ಮಾತಿನವನು. ಮೆತ್ತನೆಯ ಮಾತೇ ಹೆಚ್ಚು ಕುಯ್ಯುತ್ತದೆ.

"ಅಮ್ಮಾ, ಆವಾಗ ನಾನು ಹುಟ್ಟೇ ಇರ್ಲಿಲ್ಲ. ನೆನಪಿರೋದನ್ನ ಬರ್ದುಕೊಡಿ ಅಂತ ಆರು ತಿಂಗಳ ಹಿಂದೆ ಊರಿಗೆಲ್ಲ ಹೇಳ್ಸಿದ್ವಿ. ನಿಮ್ಮ ಕಾಲೋನಿಯಿಂದ ಒಂದು ಚೀಟಿನಾದ್ರೂ ಬಂತಾ?"

"ನಾನು ಬಾಯಲ್ಲಿ ಹೇಳ್ತಾ ಇದೀನಲ್ಲ ಸ್ವಾಮಿ!"

"ಬಾಯಲ್ಲಿ ಹೇಳಿದ್ದು ಅಚ್ಚಾಗಲ್ಲಮ್ಮ. ಉತ್ಸವಕ್ಕೆ ಇನ್ನೊಂದಷ್ಟು ಪ್ರತಿ ಹಾಕಿಸ್ತೀವಿ. ಹತ್ತು ದಿನದೊಳಗೆ ಬರ್ದು ತಂದ್ರೆ ನೋಡಣ."

ದಾರಿಯುದ್ದಕ್ಕೂ ಅವಳಿಗೆ ಸಿಟ್ಟು ಇಳಿಯಲಿಲ್ಲ. ಅವನ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ಯಾಕೆಂದರೆ ನಿವೃತ್ತ ಶಿಕ್ಷಕಿ ಅಶ್ವತ್ಥಮ್ಮ ಮೂರು ಸಲ ಮನೆ ಬಾಗಿಲಿಗೆ ಬಂದು ಕರೆದಿದ್ದರು. ಪಂಚಾಯ್ತಿ ಗ್ರಂಥಾಲಯದಲ್ಲಿ ಗುರುವಾರ ಮಧ್ಯಾಹ್ನ ಹಿರಿಯರಿಗೆ ತಮ್ಮ ಬದುಕನ್ನು ತಾವೇ ಬರೆಯುವುದನ್ನು ಕಲಿಸುತ್ತೇನೆ, ಬಾ ಎಂದಿದ್ದರು. "ಅದೆಲ್ಲಾ ಹೊಟ್ಟೆ ತುಂಬಿದೋರ ಆಟ ಟೀಚರಮ್ಮ" ಎಂದು ಮುನಿಶಾಮಮ್ಮ ಮೂರು ಸಲವೂ ಸಾಗಹಾಕಿದ್ದಳು.

ಆ ಗುರುವಾರ ಅವಳೇ ಎಲ್ಲರಿಗಿಂತ ಮೊದಲು ಹೋಗಿ ಕುಳಿತಳು. ಒಂದು ಗಂಟೆ ಹೆಣಗಾಡಿ ಒಂದು ಹಾಳೆ ಬರೆದು ಕೊಟ್ಟಳು. ಅಶ್ವತ್ಥಮ್ಮ ಗಟ್ಟಿಯಾಗಿ ಓದಿದರು: "ಇವರಿಗೆ, ಸಮಿತಿಯ ಅಧ್ಯಕ್ಷರು. ಮಾನ್ಯರೇ, ವಿಷಯ: ನಮ್ಮ ತಾಯಿ ಬಾವಿಯಲ್ಲಿ ತೀರಿಕೊಂಡ ಬಗ್ಗೆ. ದಯಮಾಡಿ ಅವರ ಹೆಸರು ಸೇರಿಸಬೇಕಾಗಿ ಕೈಮುಗಿದು ಬೇಡಿಕೊಳ್ಳುತ್ತೇನೆ. ಇಂತಿ ತಮ್ಮ ವಿಧೇಯಳು."

ಟೀಚರಮ್ಮನ ಮುಖ ಕೆಂಪಾಯಿತು.

"ಯಾರ ಹತ್ರ ಬೇಡ್ತಾ ಇದೀಯಮ್ಮ? ಅವಳು ನಿಮ್ಮಮ್ಮ. ಸತ್ತಿದ್ದಕ್ಕೂ ಪರ್ಮಿಶನ್ ಕೇಳ್ತೀಯಾ?"

ಮುನಿಶಾಮಮ್ಮ ಸುತ್ತ ನೋಡಿದಳು. ಎಲ್ಲರ ಹಾಳೆಯೂ ಹಾಗೇ ಇತ್ತು. ಪಕ್ಕದಲ್ಲಿದ್ದ ಕೋನಪ್ಪ ತನ್ನ ಸತ್ತ ಎತ್ತಿನ ಕಥೆಯನ್ನೂ 'ಮಾನ್ಯರೇ' ಅಂತಲೇ ಶುರುಮಾಡಿದ್ದ. ಪಿಂಚಣಿಗೆ, ಪಡಿತರ ಚೀಟಿಗೆ, ಮನೆಗೆ, ಎಲ್ಲದಕ್ಕೂ ಅರ್ಜಿ ಬರೆದು ಬರೆದು ಅವರ ಕೈಗೆ ಬೇರೆ ಬರವಣಿಗೆಯೇ ಗೊತ್ತಿರಲಿಲ್ಲ.

"ನಮಗೆ ಅರ್ಜಿ ಬರಿಯೋದೊಂದು ಕಲ್ಸಿಬಿಟ್ಟಿದಾರೆ," ಅಂದರು ಅಶ್ವತ್ಥಮ್ಮ, ಹಾಳೆಯನ್ನು ಮಡಚಿಡುತ್ತಾ. "ಇದು ಅರ್ಜಿ ಅಲ್ಲ, ಸಾಕ್ಷಿ. ಹೇಳು, ಅವತ್ತು ನಿಮ್ಮಮ್ಮ ಏನು ಉಟ್ಟಿದ್ಲು? ಏನು ತಿಂದು ಹೋದ್ಲು?"

"ತಿನ್ಲಿಲ್ಲ ಟೀಚರಮ್ಮ. ಆವಾಗ ನಾನು ಆರು ತಿಂಗಳ ಬಸುರಿ. ಅವಳ ಮುದ್ದೆನೂ ನನ್ನ ತಟ್ಟೆಗೇ ಹಾಕಿದ್ಲು."

"ಅದನ್ನೇ ಬರಿ. ಈಗ ಹೇಳಿದಂಗೇ ಬರಿ. ಒತ್ತಕ್ಷರ ತಪ್ಪಿದ್ರೆ ತಪ್ಪಲಿ, ತಿದ್ದಣ. ಹೆಸರು ಮಾತ್ರ ತಪ್ಪಬಾರ್ದು."

ಆರು ದಿನ ಅವಳು ಬರೆದಳು. ಗಂಡ ಮುನಿಗಂಗಪ್ಪ ಮೊದಲ ದಿನದಿಂದಲೂ ಗೊಣಗುತ್ತಲೇ ಇದ್ದ. "ಎಂದುಕೇ, ಯಾಕೇ ಬೇಕು ಇವೆಲ್ಲಾ? ಹೂತಿದ್ದನ್ನ ಕೆದಕಿದ್ರೆ ನಿಮ್ಮಮ್ಮ ಎದ್ದು ಬರ್ತಾಳಾ?"

"ಎದ್ದು ಬರಲ್ಲ. ಅದಕ್ಕೇ ಬರೀತಾ ಇದೀನಿ. ಕೂತ್ಕೊಂಡು ಕೇಳು." ಮುನಿಶಾಮಮ್ಮ ಗಟ್ಟಿಯಾಗಿ ಓದತೊಡಗಿದಳು. ಅವನು ಗೋಡೆಯ ಕಡೆ ಮುಖ ಮಾಡಿ ಕುಳಿತ. ಮುದ್ದೆ, ಹಸಿರು ಸೀರೆ, ಹಗ್ಗ, ಮಣ್ಣು ತುಂಬುವ ಮಂಕರಿ, ಎಲ್ಲ ಬಂತು. "ಬೆಳಿಗ್ಗೆಯಿಂದ ಪಕ್ಕದ ಮಣ್ಣು ಉದುರುತ್ತಿತ್ತು. ಅಮ್ಮ ಅದನ್ನು ಯಾರಿಗೂ ಹೇಳಲಿಲ್ಲ" ಎಂದು ಓದಿದಳು.

"ಹೇಳಿದ್ಲು," ಅಂದ ಮುನಿಗಂಗಪ್ಪ.

ಅವಳು ಹಾಳೆ ಕೆಳಗಿಟ್ಟಳು.

"ಹೇಳಿದ್ಲು ಕಣೇ. ಮೇಲೆ ಹಗ್ಗ ಹಿಡ್ಕೊಂಡಿದ್ದೋನು ನಾನಲ್ವಾ? 'ಅಳಿಯಾ, ಮಣ್ಣು ಸಡಿಲ ಆಗೈತೆ, ಮೇಲಕ್ಕೆ ಎಳಿ' ಅಂದ್ಲು. 'ಇನ್ನೊಂದು ಮಂಕರಿ ತುಂಬ್ಲಿ, ಆಮೇಲೆ ಎಳಿಯೋ' ಅಂದ ಮೇಸ್ತ್ರಿ. ನಾನು ಅವನ ಮಾತು ಕೇಳ್ದೆ. ಎಳೀಲಿಲ್ಲ."

ಮುನಿಶಾಮಮ್ಮನಿಗೆ ಅವನನ್ನು ಹಿಡಿದು ಬಡಿಯಬೇಕು ಅನ್ನಿಸಿತು. ನಲವತ್ತು ವರ್ಷ ಒಂದೇ ಸೂರಿನಡಿ, ಒಂದೇ ಒಲೆಯ ಅಡುಗೆ ಉಂಡು, ಇದನ್ನು ನುಂಗಿಕೊಂಡು ಕೂತಿದ್ದನಲ್ಲ! ಅವನು ಅಳುತ್ತಿದ್ದ. ಮದುವೆಯಾದ ಮೇಲೆ ಅವನು ಅತ್ತಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅವಳಿಗೂ ಅಳು ಬಂತು, ಸಿಟ್ಟು ಮಾತ್ರ ಹೋಗಲಿಲ್ಲ. ಬೈಯಬೇಕಾದದ್ದು ಆ ಮಂಕರಿಯನ್ನು, ಒಬ್ಬಳ ಜೀವಕ್ಕಿಂತ ಅದನ್ನು ಹೆಚ್ಚು ಮಾಡಿದವರನ್ನು ಎಂದು ನಿಧಾನವಾಗಿ ತಿಳಿಯಿತು.

"ಇದನ್ನೂ ಬರೀಲಾ?" ಕೇಳಿದಳು.

"ಬರಿ. ಹಗ್ಗ ಹಿಡ್ದಿದ್ದೋನು ಮುನಿಗಂಗಪ್ಪ ಅಂತ ನನ್ನ ಹೆಸರೂ ಹಾಕು."

ಹತ್ತನೇ ದಿನ ಇಬ್ಬರೂ ರಮೇಶ್‌ಬಾಬುವಿನ ಮನೆಗೆ ಹೋದರು. ಈ ಸಲ ಅಂಗಳದಲ್ಲಿ ನಿಲ್ಲಲಿಲ್ಲ, ಜಗಲಿ ಹತ್ತಿ ಕುಳಿತರು. ಅವನು ಕೊನೆಯ ಹಾಳೆ ತಿರುಗಿಸಿದ.

"ಇಂತಿ ತಮ್ಮ ಅಂತ ಏನೂ ಹಾಕಿಲ್ವಲ್ಲಮ್ಮ?"

"ಹಾಕಿದೀನಿ ನೋಡಪ್ಪ. 'ಗಂಗುಲಮ್ಮನ ಮಗಳು ಮುನಿಶಾಮಮ್ಮ.'"

"ಆಯ್ತು, ಇಟ್ಟು ಹೋಗಿ. ಸಮಿತಿಯಲ್ಲಿ ನೋಡಣ."

"ನೋಡೋದಲ್ಲ, ಓದಪ್ಪ. ಇಲ್ಲೇ, ಗಟ್ಟಿಯಾಗಿ ಓದು. ಇದರದೇ ಇನ್ನೊಂದು ಪ್ರತಿ ಗ್ರಂಥಾಲಯದಲ್ಲಿ ಐತೆ. ನೀನು ಹಾಕಿದ್ರೂ ಹಾಕ್ದೇ ಇದ್ರೂ ಜನ ಓದ್ತಾರೆ."

ಅವನು ಓದಿದ. ಮಂಕರಿಯ ಸಾಲಿಗೆ ಬಂದಾಗ ಹಾಳೆಯನ್ನು ಅವಳ ಕೈಗೆ ಕೊಟ್ಟ. ಅಲ್ಲಿಂದ ಮುಂದೆ ಮುನಿಶಾಮಮ್ಮನೇ ಓದಿ ಮುಗಿಸಿದಳು. ಉತ್ಸವದ ದಿನ ಹಂಚಿದ ಪುಸ್ತಕದ ಹನ್ನೆರಡನೇ ಪುಟದಲ್ಲಿ ದಾನಿಗಳು ಇರಲಿಲ್ಲ, ಗಂಗುಲಮ್ಮ ಇದ್ದಳು. ಅದರ ಮುಂದಿನ ಗುರುವಾರ ಮುನಿಗಂಗಪ್ಪನೂ ಗ್ರಂಥಾಲಯಕ್ಕೆ ಹೋದ. ಅವನಿಗೆ ಬರೆಯಲು ಬರುವುದಿಲ್ಲ. ಅವನು ಹೇಳುತ್ತಾನೆ, ಅಮೃತ ಬರೆದುಕೊಳ್ಳುತ್ತಾಳೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನೇ ಕೇಳುತ್ತಿದ್ದೇವೆ. ನಿಮ್ಮೂರ ಕಟ್ಟೆ, ಕಾಲುವೆ, ರಸ್ತೆ ಯಾರ ಬೆವರು? ನಿಮಗೆ ಗೊತ್ತಿದೆ, ಆದರೂ ಸುಮ್ಮನೆ ಕೂತಿದ್ದೀರಿ. ಗ್ರಂಥಾಲಯಕ್ಕೆ ಹೋಗಿ ಇಂಥ ತರಗತಿ ಇದೆಯಾ ಎಂದು ಕೇಳಿ. ಇಲ್ಲದಿದ್ದರೆ ನಿಮ್ಮೂರ ಸಂಘದ ನಾಲ್ಕು ಜನ ಸೇರಿ ನೀವೇ ಶುರುಮಾಡಿ. ಅಕ್ಷರ ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಇವತ್ತೇ ಪಕ್ಕದಲ್ಲಿ ಕೂತು ಕೇಳಿ. ನಾಳೆ ಅವರು ಇರುತ್ತಾರೆಂದು ಯಾರೂ ಬರೆದುಕೊಟ್ಟಿಲ್ಲ.

ನೀವು ಬರೆಯದಿದ್ದರೆ ಬೇರೆ ಯಾರೋ ಬರೆಯುತ್ತಾರೆ. ನಿಮ್ಮವರ ಸಾವನ್ನು ಅವರು ದಾನ ಎಂದು ಬರೆಯುತ್ತಾರೆ.