ಬಲಗಡೆಯ ಕಪ್ಪು

ಮೂರನೇ ಮೌಂಟನ್ನೂ ಭಾವ ಬೇಡ ಅಂದಾಗ ಬಂದೂಕು ರಿಪೇರಿಯವನ ತಾಳ್ಮೆ ಕೆಡಬೇಕಿತ್ತು. ಬೇರೆ ಗಿರಾಕಿಯಾಗಿದ್ದರೆ ಸ್ಕ್ರೂಡ್ರೈವರ್ ಕೈಗಿಟ್ಟು, ನೀವೇ ಕೂರಿಸ್ಕೊಳ್ಳಿ ಮಹರಾಯರೇ ಅಂದುಬಿಡುತ್ತಿದ್ದ. ಏನು ಮಾಡೋದು, ಈ ಗಿರಾಕಿ ಅಕ್ಕನ ಗಂಡ. ಸಾಲದ್ದಕ್ಕೆ ಅವನಿಗೆ ಕಸುಬು ಕಲಿಸಿದ ಗುರು.

ರೈಫಲ್ ಹೊಸದು. ಇಪ್ಪತ್ತೆಂಟು ವರ್ಷ ಗುರಿ ಹೊಡೆಯೋದು ಕಲಿಸಿದ್ದಕ್ಕೆ ಶೂಟಿಂಗ್ ಕ್ಲಬ್ಬಿನವರು ಭಾವನಿಗೆ ನಿವೃತ್ತಿಯ ದಿನ ಕೊಟ್ಟದ್ದು. ದೂರದ್ದನ್ನು ಹತ್ತಿರ ತೋರಿಸುವ ಸ್ಕೋಪನ್ನೂ, ಅದನ್ನು ರೈಫಲಿನ ಮೇಲೆ ಕೂರಿಸುವ ಮೌಂಟನ್ನೂ ಇವರೇ ಹುಡುಕಿಕೊಳ್ಳಬೇಕಿತ್ತು. ಅದಕ್ಕೇ ಮೂರು ವಾರದಿಂದ ಭಾವ ಈ ಅಂಗಡಿಯ ಹೊಸ್ತಿಲು ಸವೆಸುತ್ತಿದ್ದರು.

"ಸ್ಕೋಪಲ್ಲಿ ಬಲಗಡೆ ಕಪ್ಪು ಬರುತ್ತೆ ಕಣೋ," ಭಾವನದು ಇವತ್ತೂ ಅದೇ ರಾಗ. "ಮೌಂಟು ಎತ್ತರ ಆಯ್ತು."

"ಹೋದ ವಾರ ತಗ್ಗು ಅಂದ್ರಲ್ಲ ಭಾವ."

"ಅದು ತಗ್ಗೇ ಇತ್ತು."

ಅವನು ಬಗ್ಗಿ ತಾನೇ ನೋಡಿದ. ಹಿತ್ತಲ ಗೋಡೆಗೆ ಅಂಟಿಸಿದ ಗುರುತು ದುಂಡಗೆ, ತಿಳಿಯಾಗಿ ಕಂಡಿತು. ಎಲ್ಲಿಯ ಕಪ್ಪು?

ಉಳಿದದ್ದು ಒಂದೇ ಪರೀಕ್ಷೆ, ಅದೂ ಭಾವನೇ ಹೇಳಿಕೊಟ್ಟದ್ದು. ಮೌಂಟಿನ ಬಳೆ ಸಡಿಲಿಸಿ, ಒಬ್ಬರು ನೋಡುತ್ತಿರುವಾಗಲೇ ಇನ್ನೊಬ್ಬರು ಸ್ಕೋಪನ್ನು ಅರ್ಧ ಸುತ್ತು ತಿರುಗಿಸಬೇಕು. ಕಪ್ಪು ಜೊತೆಗೇ ತಿರುಗಿದರೆ ದೋಷ ಗಾಜಿನದು. ಎಲ್ಲ ಮೌಂಟಿನಲ್ಲೂ ಇದ್ದಲ್ಲೇ ನಿಂತರೆ ದೋಷ ನೋಡುವವನ ಕಣ್ಣಿನದು. ಇದು ಇಬ್ಬರಿಗೂ ಗೊತ್ತು. ಮೂರು ವಾರದಿಂದ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.

ಬಿಡೋದಾದರೂ ಹೇಗೆ? ಸಕ್ಕರೆ ಕಾಯಿಲೆ ಅಕ್ಕನ ಎರಡು ಕಣ್ಣನ್ನೂ ತಿಂದು ಹನ್ನೊಂದು ವರ್ಷವಾಗಿತ್ತು. ಅವಳ ಮಾತ್ರೆ ಬಿಡಿಸಿ ಕೊಡೋದು, ಪೇಪರು ಓದಿ ಹೇಳೋದು, ಉಟ್ಟ ಬಟ್ಟೆಯ ಬಣ್ಣ ಯಾವುದು ಅಂತ ಹೇಳೋದು, ಎಲ್ಲಾ ಭಾವನೇ. ಆ ಮನೆಯಲ್ಲಿ ಇಬ್ಬರಿಗೂ ಸೇರಿ ಇದ್ದದ್ದು ಒಂದು ಜೊತೆ ಕಣ್ಣು.

"ಬೇರೆ ಸ್ಕೋಪ್ ತರಿಸ್ಲಾ?" ಅಂದ.

ಭಾವ ರೈಫಲನ್ನೇ ಸವರುತ್ತಾ ಕೂತಿದ್ದರು. "ಬೇಡ. ತಿರುಗಿಸು."

"ನಾಳೆ ನೋಡೋಣ ಬಿಡಿ."

"ತಿರುಗಿಸೋ."

ನಾಲ್ಕು ಸ್ಕ್ರೂ ಸಡಿಲಿಸೋಕೆ ಅವನಿಗೆ ಯಾವತ್ತೂ ಇಷ್ಟು ಹೊತ್ತು ಹಿಡಿದಿರಲಿಲ್ಲ. ಭಾವ ರೈಫಲಿನ ಮರದ ಹಿಡಿಗೆ ಕೆನ್ನೆಯಾನಿಸಿ, ಕಣ್ಣು ಮುಚ್ಚಿ ತೆರೆದರು. ಅವನು ಮೆಲ್ಲಗೆ ತಿರುಗಿಸಿದ. ಅರ್ಧ ಸುತ್ತು ಮುಗಿದರೂ ಅವರು ಕೆನ್ನೆ ಎತ್ತಲಿಲ್ಲ.

"ಅಲ್ಲೇ ಇದೆ," ಅಂದರು.

ಅವನಿಗೆ ಅಳು ಒತ್ತರಿಸಿಕೊಂಡು ಬಂತು. ಗುರುವಿನ ಎದುರು ಅಳೋದು ಬೇಡ ಅಂತ ಸ್ಕ್ರೂಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ.

"ನಿಮ್ಮಕ್ಕನಿಗೆ ಹೇಳ್ಬೇಡ. ಡಾಕ್ಟರಿಗೆ ತೋರಿಸೋ ತನಕ ಕಪ್ಪು ಸ್ಕೋಪಿಂದೇ," ಅಂದು ಭಾವ ಮುಖ ತೊಳೆಯಲು ನಲ್ಲಿಯ ಹತ್ತಿರ ಹೋದರು.

ಅಷ್ಟರಲ್ಲಿ ಅಕ್ಕನ ಫೋನು. "ಆ ಸ್ಕೋಪಿನ ಕಪ್ಪು ಹೋಯ್ತೇನೋ?"

"ಹೋಯ್ತಕ್ಕ. ಮೌಂಟು ಸರಿಯಿರಲಿಲ್ಲ."

ಅಕ್ಕ ದನಿ ತಗ್ಗಿಸಿದಳು. "ನನಗೂ ಹೀಗೇ ಒಂದು ಬದಿಯಿಂದ ಶುರುವಾಗಿದ್ದು. ತಿಂಗಳಿಂದ ನಿಮ್ಮ ಭಾವ ಪೇಪರ್ ಓದುವಾಗ ಸಾಲಿನ ಕೊನೆ ನುಂಗ್ತಿದಾರೆ ಕಣೋ. ನಾನೇ ತುಂಬಿಸ್ಕೊಂಡು ಕೇಳ್ತಿದೀನಿ."

ಅವನು ನಲ್ಲಿಯ ಕಡೆ ಕಣ್ಣಿಟ್ಟು ಫೋನನ್ನು ಕಿವಿಗೆ ಒತ್ತಿಕೊಂಡ.

"ಗಾಡಿ ಅವರ ಕೈಗೆ ಕೊಡಬೇಡ, ನೀನೇ ಕರ್ಕೊಂಡು ಬಾ. ನನಗೆ ಗೊತ್ತು ಅಂತ ಮಾತ್ರ ಹೇಳ್ಬೇಡ. ಪಾಪ, ತಡ್ಕೊಳ್ಳಲ್ಲ."

ಭಾವ ಒದ್ದೆ ಮುಖದಲ್ಲೇ ಬಂದು ಮೇಜಿನ ಬಲತುದಿಯಲ್ಲಿ ಗಾಡಿಯ ಕೀಲಿಗಾಗಿ ತಡಕಾಡಿದರು. ಅವನು ಅದನ್ನಾಗಲೇ ಜೇಬಿಗಿಳಿಸಿದ್ದ.

"ನಡೀರಿ ಭಾವ, ನಾನೇ ಬಿಡ್ತೀನಿ."

ಭಾವ ಬಾಗಿಲ ಹತ್ತಿರ ಅವನ ತೋಳು ಹಿಡಿದು ಅಂದರು: "ದಾರೀಲಿ ಇವತ್ತಿನ ಪೇಪರು ತಗೋಬೇಕು ಕಣೋ. ಸಂಜೆ ಅವಳಿಗೆ ಓದಬೇಕು."