ಜಾನಿಸಳ ಐದು ಮೆಚ್ಚಿನ ಚಿತ್ರಗಳು

ದುಬೈಯ ಗ್ಯಾಲರಿಯೊಂದರಲ್ಲಿ ಜಾನಿಸ್ ಪ್ರದರ್ಶನಕ್ಕೆ ಚಿತ್ರಗಳನ್ನು ಆರಿಸುವ ಕ್ಯುರೇಟರ್ ಆಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಕಲಾಪತ್ರಿಕೆಯೊಂದು ಅವಳ ಮೆಚ್ಚಿನ ಐದು ಚಿತ್ರಗಳನ್ನು ಕೇಳಿತು. ಗ್ಯಾಲರಿಯ ಒಡತಿ ಓದುತ್ತಾಳಲ್ಲ ಎಂಬ ಅಳುಕಿನಲ್ಲಿ ಅವಳು ದೊಡ್ಡ ದೊಡ್ಡ ಹೆಸರುಗಳನ್ನೇ ಆರಿಸಿ ಕಳಿಸಿದಳು. ಮರುದಿನ ಮಧ್ಯಾಹ್ನ ಸಂಪಾದಕ ತಿಲಕ್ ಫೋನ್ ಮಾಡಿದ.

“ಎಂಥ ಮಾರಾಯ್ರೆ, ಐದಕ್ಕೆ ಐದೂ ಪ್ಯಾರಿಸ್ಸಿನ ಮ್ಯೂಸಿಯಮ್ಮಿನವು! ನೀವು ನಮ್ಮೂರ ಕಡೆಯ ಕುಲಶೇಖರದವರಲ್ವಾ? ಇರಲಿ. ಮೂರನೇ ಚಿತ್ರದ ಎದುರು ನಿಂತಾಗ ಏನನ್ನಿಸ್ತು, ಒಂದು ಸಾಲು ಹೇಳಿ. ಖಲಾಸ್, ಪುಟ ಪ್ರೆಸ್ಸಿಗೆ ಹೋಗ್ತದೆ.”

ಜಾನಿಸ್ ಪ್ಯಾರಿಸ್ಸಿಗೆ ಹೋದವಳೇ ಅಲ್ಲ. ಆ ಚಿತ್ರವನ್ನು ಅವಳು ಕಂಡದ್ದು ದುಬೈಯಲ್ಲೇ, ಅಲ್ ನಹ್ದಾದ ತನ್ನ ಮನೆಯಲ್ಲಿ, ಲ್ಯಾಪ್‌ಟಾಪಿನ ಪರದೆಯ ಮೇಲೆ. ಚೆಂದದ ಸುಳ್ಳೊಂದು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಅದನ್ನು ನುಂಗಿಕೊಂಡಳು.

“ಅದನ್ನು ನಾನು ನೋಡಿಯೇ ಇಲ್ಲ.”

ತಿಲಕ್ ಕೇಳಿದ, “ಮತ್ತೆ ಯಾವುದನ್ನು ನಿಂತು ನೋಡಿದ್ದೀರಿ?”

“ಊರಲ್ಲಿ, ಪಡೀಲಿನ ಗ್ಯಾರೇಜಲ್ಲಿ ಒಬ್ಬರು ಬ್ರಶ್ ಹಿಡಿದು ಬಸ್ಸಿನ ಮೇಲೆ ಹೆಸರು ಬರೀತಿದ್ರು. ನೋಡ್ತಾ ನಿಂತು ಆ ದಿನ ಕಾಲೇಜಿಗೇ ಹೋಗ್ಲಿಲ್ಲ.”

ತಿಲಕ್ ಜೋರಾಗಿ ನಕ್ಕ. “ಅದನ್ನೇ ಹಾಕುವ! ಉಳಿದ ನಾಲ್ಕನ್ನಾದರೂ ನೋಡಿದ್ದೀರಲ್ವಾ?”

ಜಾನಿಸ್ ಫೋನನ್ನು ಕಿವಿಗೆ ಒತ್ತಿ ಹಿಡಿದು, ಅವನ ನಗು ನಿಧಾನಕ್ಕೆ ಅಡಗುವುದನ್ನು ಕೇಳಿಸಿಕೊಂಡಳು.